ನಾಲ್ಕನೇ ಟೇಪಿನ ಸಾಂಬಾರ್ ಪುಡಿ

ವೀಡಿಯೋ ಕೆಲಸದಲ್ಲಿ ಬೇಡವಾದದ್ದು ಯಾವತ್ತೂ ಹಾಳಾಗುವುದಿಲ್ಲ. ಯಾರದೋ ಮದುವೆಯಲ್ಲಿ ಯಾರೋ ಭಾವಮೈದುನ ಕುಣಿದದ್ದು ಐದು ಕಡೆ ಭದ್ರವಾಗಿರುತ್ತದೆ. ಬೇಕಾದದ್ದು ಮಾತ್ರ ಹುಡುಕಿದ ದಿನ ಇರುವುದಿಲ್ಲ. ಚೆನ್ನೈಯ ಒಂದು ಸಣ್ಣ ಸ್ಟುಡಿಯೋದಲ್ಲಿ ಹತ್ತು ವರ್ಷ ಟೇಪು, ಡಿಸ್ಕು ಕಾಯುವ ಕೆಲಸ ಮಾಡಿದವನು ನಾನು. ನನ್ನ ತಲೆಗೂದಲು ಉದುರಿದ್ದು ಅಲ್ಲೇ. ಅದರಲ್ಲಿ ಅರ್ಧ ಕೂದಲು ಒಂದೇ ಒಂದು ಟೇಪಿನ ದೆಸೆಯಿಂದ ಹೋಯಿತು. ಅದರ ಕಥೆ ಇದು.

೧. ಎಲ್ಲರೂ ಹೊರಗೆ

ತ್ರಿಪ್ಲಿಕೇನಿನಲ್ಲಿ ಉಡುಪಿ ಕಡೆಯವರ ಒಂದು ಹೋಟೆಲು. ಐವತ್ತು ವರ್ಷ ತುಂಬುತ್ತದೆಂದು ಅದರ ಮೇಲೊಂದು ಚಿತ್ರ ಮಾಡಲು ನಮಗೆ ಹೇಳಿದರು. ಹೋಟೆಲು ಕಟ್ಟಿದ ಹಿರಿಯರನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಅಲ್ಲಿಯ ಸಾಂಬಾರಿಗೆ ಜನ ಸಾಲು ನಿಲ್ಲುತ್ತಿದ್ದರು. ಇಳಿಸುವ ಮುಂಚೆ ಹಂಡೆಗೆ ಒಂದು ಚಮಚ ಪುಡಿ ಬೀಳುತ್ತಿತ್ತು, ಗುಟ್ಟೆಲ್ಲ ಅದರಲ್ಲಿ. ಆ ಪುಡಿಯನ್ನು ಅಜ್ಜಯ್ಯ ಬಾಗಿಲು ಹಾಕಿಕೊಂಡು ತಾವೊಬ್ಬರೇ ಮಾಡುತ್ತಿದ್ದರು.

ಮೂರು ಟೇಪು ತುಂಬುವಷ್ಟು ಹಳೆಯ ಕಥೆ ಹೇಳಿದ ಮೇಲೆ ಅಜ್ಜಯ್ಯ ಶಲ್ಯ ಸರಿಮಾಡಿಕೊಂಡರು.

"ಇನ್ನು ಪುಡಿ ವಿಷಯ ಹೇಳ್ಲಿಕ್ಕುಂಟು. ಎಲ್ಲ ಹೊರಗೆ ಹೋಗಿ. ಆ ಮಿಷಿನು ಮಾತ್ರ ಇರ್ಲಿ."

"ಅಜ್ಜಯ್ಯ, ಕ್ಯಾಮೆರಾ ಹತ್ರ ಒಬ್ರಾದ್ರೂ ಇರ್ಬೇಕಲ್ಲ?"

"ಆನ್ ಮಾಡಿ ಹೋಗಿ. ನಂಗೆ ಆಫ್ ಮಾಡ್ಲಿಕ್ಕೆ ಬರುದಿಲ್ಲ. ಕರೆದಾಗ ಬನ್ನಿ."

ಇಪ್ಪತ್ತು ನಿಮಿಷ ಬಾಗಿಲ ಹೊರಗೆ ನಿಂತೆವು. ಕರೆಯಲೇ ಇಲ್ಲ. ಕೊನೆಗೆ ನಾವೇ ಬಾಗಿಲು ತಟ್ಟಿ ಒಳಗೆ ಹೋದೆವು. ಅಜ್ಜಯ್ಯ ನನ್ನ ಕೈ ಹಿಡಿದುಕೊಂಡು ಹೇಳಿದರು: "ಇದು ನಿಮ್ಮ ಸಿನಿಮಾಕ್ಕೆ ಅಲ್ಲ. ನಾನು ಹೋದ್ಮೇಲೆ ಮಕ್ಳು ಕೇಳಿದ್ರೆ ಕೊಡಿ. ನೀವು ಯಾರೂ ನೋಡ್ಬಾರ್ದು." ನಾನು ಮಾತು ಕೊಟ್ಟೆ. ನಮ್ಮ ಕ್ಯಾಮೆರಾಮನ್ ತಮಿಳಿನವರು, ಅವರಿಗೆ ಬೇರೆಯೇ ಚಿಂತೆ. ಫೋಕಸ್ ಸರಿ ಇದೆಯಾ ಎಂದಾದರೂ ನೋಡುತ್ತೇನೆಂದು ಹಟ ಹಿಡಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಸಾಂಬಾರಿಗೆ ಎಂತದು ಫೋಕಸ್?" ಎಂದರು ಅಜ್ಜಯ್ಯ.

೨. ರಾಹುಕಾಲದ ಕಾಪಿ

ಆಗೆಲ್ಲ ಟೇಪಿನಲ್ಲಿದ್ದದ್ದನ್ನು ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಹಾಕಬೇಕಾದರೆ ಟೇಪು ಪೂರ್ತಿ ಓಡಬೇಕು. ಒಂದು ಗಂಟೆಯ ಟೇಪಿಗೆ ಒಂದು ಗಂಟೆ. ನಮ್ಮ ಮಾಲೀಕರು ರಾಹುಕಾಲದಲ್ಲಿ ಏನನ್ನೂ ಶುರು ಮಾಡಲು ಬಿಡುತ್ತಿರಲಿಲ್ಲ. ನಾಲ್ಕು ಟೇಪು ಎಂದರೆ ಅವರ ಲೆಕ್ಕದಲ್ಲಿ ನಾಲ್ಕು ಶುಭಾರಂಭ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಊಟ ಮುಗಿಸಿ ಬಂದರೆ ಕರೆಂಟಿಲ್ಲ. ಮೂರರಿಂದ ನಾಲ್ಕೂವರೆ ಯಮಗಂಡ. ಆಮೇಲೆ ಮಿಷಿನು ಬೇರೆ ಯಾರದೋ ಎಡಿಟಿಂಗಿಗೆ. ದಿನಕ್ಕೊಂದು ಟೇಪು ಮುಗಿದರೆ ಪುಣ್ಯ.

ಸಾಲದ್ದಕ್ಕೆ ಹೊಸ ಡಿಸ್ಕನ್ನು ಮಾಲೀಕರು ಅಮಾವಾಸ್ಯೆಯ ದಿನ ತಂದರು. ತಮಿಳರಿಗೆ ಅದು ಒಳ್ಳೆಯ ದಿನ. ಪೆರಂಬೂರಿನ ನಮ್ಮ ಮನೆಯಲ್ಲಿ ಹೇಳಿದರೆ ಅಮ್ಮ ಸೌಟು ಕೆಳಗಿಟ್ಟರು. "ಅಮಾವಾಸ್ಯೆ ದಿನ ತಂದದ್ದು ಉಳಿಯುತ್ತೇನೋ?"

ನಾಲ್ಕನೇ ಟೇಪು ಓಡುವಾಗ ಕೊಟ್ಟ ಮಾತಿನಂತೆ ದನಿ ಪೂರ್ತಿ ತಗ್ಗಿಸಿ, ಸ್ಕ್ರೀನನ್ನು ಗೋಡೆಗೆ ತಿರುಗಿಸಿ ನಾನು ಟೀ ಕುಡಿಯಲು ಹೋದೆ. ಇನ್ನೊಂದು ಡಿಸ್ಕ್ ತಂದು ಎರಡನೇ ಕಾಪಿ ಇಡೋಣ ಎಂದು ಮಾಲೀಕರನ್ನು ಕೇಳಿದೆ. "ಒಣ್ಣುಂ ಆಗಾದು ತಂಬಿ" ಎಂದರು, ಏನೂ ಆಗುವುದಿಲ್ಲ ಎಂದು. ಅವರು ಹಾಗೆಂದಾಗೆಲ್ಲ ಏನಾದರೂ ಆಗಿರುವುದರಿಂದ, ನಾನೇ ನಾಲ್ಕು ಸಿ.ಡಿ. ಮಾಡಿ, ಮೇಲೆ ಬರೀ ಒಂದು, ಎರಡು, ಮೂರು, ನಾಲ್ಕು ಎಂದು ಬರೆದು ಮನೆಯ ಬೀರುವಿನಲ್ಲಿಟ್ಟೆ.

ಗೋಡೆ ನೋಡುತ್ತಿದ್ದ ಸ್ಕ್ರೀನನ್ನು ಕಂಡು ಮಾಲೀಕರು ಇದು ವಾಸ್ತುವೇ ಎಂದು ಕೇಳಿದ್ದರು. ಬೇರೇನು ಹೇಳಲಿ, ಹೌದೆಂದೆ. ಮರುದಿನದಿಂದ ಅವರೂ ತಮ್ಮ ಸ್ಕ್ರೀನನ್ನು ಗೋಡೆಗೆ ತಿರುಗಿಸಿ, ಕತ್ತು ಹೊರಳಿಸಿ ಕೆಲಸ ಮಾಡತೊಡಗಿದರು.

೩. ಆಯುಧಪೂಜೆ

ನವರಾತ್ರಿಗೆ ಹದಿನೈದು ದಿನ ಇರುವಾಗ ಅಜ್ಜಯ್ಯ ಹೋಗಿಬಿಟ್ಟರು. ಬೆಳಿಗ್ಗೆ ಗಲ್ಲಾದಲ್ಲಿ ಕೂತವರು ಮಧ್ಯಾಹ್ನ ಇಲ್ಲ. ನನಗೆ ಸ್ವಂತ ಅಜ್ಜನನ್ನು ಕಳೆದುಕೊಂಡಷ್ಟೇ ಸಂಕಟವಾಯಿತು. ಅಷ್ಟು ದುಃಖದಲ್ಲೂ ಹಿರಿಯ ಮಗ ನನ್ನನ್ನು ಪಕ್ಕಕ್ಕೆ ಕರೆದರು.

"ಆ ಟೇಪು ಜೋಪಾನ ಮಾರಾಯ್ರೆ. ಅಪ್ಪಯ್ಯ ಮಾಡಿಟ್ಟ ಪುಡಿ ಎರಡು ಡಬ್ಬಿ ಉಂಟು. ಅದು ಮುಗಿಯುದ್ರೊಳಗೆ ಬಂದು ತಕೊಳ್ತೇವೆ. ನಮ್ಮ ಹೋಟೆಲು ಅದ್ರಲ್ಲೇ ಉಂಟು."

ಆಯುಧಪೂಜೆಯ ದಿನ ಮಾಲೀಕರು ಕ್ಯಾಮೆರಾ, ಲೈಟು, ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿದರು. ಪ್ರತಿಯೊಂದಕ್ಕೂ ಹಣೆ ಹುಡುಕಿ ಗಂಧ, ಕುಂಕುಮ. ಕ್ಯಾಮೆರಾಕ್ಕೆ ಹಣೆ ಸಿಕ್ಕಿತು. ಡಿಸ್ಕು ನಾಲ್ಕೂ ಕಡೆ ಒಂದೇ ಥರ ನುಣ್ಣಗಿತ್ತು. ತಿರುಗಿಸಿ ತಿರುಗಿಸಿ ನೋಡಿ, ವೈರು ಸಿಕ್ಕಿಸುವ ತೂತೇ ಅದರ ಹಣೆಯೆಂದು ತೀರ್ಮಾನಿಸಿ, ಅದರೊಳಗೆ ಧಾರಾಳವಾಗಿ ಗಂಧ ತುಂಬಿದರು. ನಾನು ಪ್ರಸಾದದ ಸುಂಡಲ್, ಅಂದರೆ ಕಡಲೆ ಉಸಲಿ, ತರಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ತೀರ್ಥವೂ ಬಿದ್ದಿತ್ತು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲ, ಒರೆಸುವ ಹಾಗೂ ಇಲ್ಲ.

ಮರುದಿನ ಗಂಧ ಕೆರೆದು, ಒರೆಸಿ, ಒಣಗಿಸಿ ವೈರು ಸಿಕ್ಕಿಸಿದೆ. ಡಿಸ್ಕು ನಾಲ್ಕು ಸಲ ಟಿಕ್ ಟಿಕ್ ಎಂದು ಸುಮ್ಮನಾಯಿತು. ದೇವರು ಕೊಟ್ಟರೂ ಪೂಜಾರಿ ಬಿಡ ಎನ್ನುವುದನ್ನು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ತಲೆಯ ಮೇಲೆ ಕೈ ಹೊತ್ತು ಕೂತವನಿಗೆ ಮಾಲೀಕರು ಸಮಾಧಾನ ಹೇಳಿದರು: "ಪೂಜೆ ಮಾಡಿದ್ದಕ್ಕೆ ಇಷ್ಟರಲ್ಲಿ ಹೋಯಿತು. ಇಲ್ಲದಿದ್ದರೆ ಆಫೀಸೇ ಹೋಗುತ್ತಿತ್ತು."

೪. ಕನ್ನಡದ ಲೇಬಲ್

ಡಿಸ್ಕು ಹೋದರೇನು, ಟೇಪು ಇದೆಯಲ್ಲ ಎಂದು ಕ್ಯಾಮೆರಾಮನ್ ಹತ್ತಿರ ಓಡಿದೆ. ಡಿಸ್ಕಿಗೆ ಹಾಕಿದ ಟೇಪನ್ನು ಮತ್ತೆ ಬಳಸುವುದು ಮಾಲೀಕರ ಪದ್ಧತಿ. ಅದಕ್ಕೇ ಈ ನಾಲ್ಕರ ಮೇಲೆ ನಾನು ದಪ್ಪ ಅಕ್ಷರದಲ್ಲಿ 'ಅಳಿಸಬಾರದು' ಎಂದು ಬರೆದಿದ್ದೆ. ಒಳಗೆ ಗುಟ್ಟಿದೆಯೆಂದು ಯಾರಿಗೂ ಗೊತ್ತಾಗದಿರಲಿ ಎಂದು ಕನ್ನಡದಲ್ಲಿ ಬರೆದಿದ್ದೆ. ಬುದ್ಧಿವಂತಿಕೆ ಎಂದರೆ ಅದು!

"ಅದರ ಮೇಲೆ ಏನೋ ತೆಲುಗಿನಲ್ಲಿ ಬರೆದಿತ್ತು," ಎಂದರು ಕ್ಯಾಮೆರಾಮನ್. "ಯಾವುದೋ ತೆಲುಗು ಮದುವೆ, ಮುಗಿದುಹೋದದ್ದು ಎಂದುಕೊಂಡೆ."

"ಅದು ಕನ್ನಡ ಅಣ್ಣಾ! ಅಳಿಸಬಾರದು ಅಂತ ಬರೆದಿದ್ದೆ!"

"ಹಾಗಿದ್ದರೆ ತಮಿಳಿನಲ್ಲಿ ಬರೆಯಬೇಕಿತ್ತು."

ಮೂರು ಟೇಪಿನ ಮೇಲೆ ಒಂದು ಸೀಮಂತ ಕೂತಿತ್ತು. ನಾಲ್ಕನೆಯದರ ಮೇಲೆ ಅವರ ಮಗಳ ಶಾಲೆಯ ಡ್ಯಾನ್ಸು. ನನ್ನ ಮುಖ ನೋಡಿ ಅವರಿಗೂ ದಿಗಿಲಾಯಿತು. ನನ್ನ ಎರಡೂ ಕೈ ಹಿಡಿದು ಬೇಡಿಕೊಂಡರು: "ತಂಬಿ, ಆ ಡ್ಯಾನ್ಸಿಗೆ ಮಾತ್ರ ಒಂದು ಕಾಪಿ ತೆಗೆದಿಡು. ನಿಮ್ಮ ಆಫೀಸನ್ನು ನಂಬುವ ಹಾಗಿಲ್ಲ."

೫. ಕಾಗೆ ಕಾವಲು

ಇನ್ನು ಉಳಿದದ್ದು ಬೀರುವಿನ ಸಿ.ಡಿ. ಮಾತ್ರ. ಅದೊಂದು ಧೈರ್ಯದಲ್ಲಿ ನಾನು ಬೇಸಗೆಯವರೆಗೂ ಸುಮ್ಮನಿದ್ದೆ. ಆಗ ಹಿರಿಯ ಮಗನ ಫೋನು ಬಂತು.

"ಎರಡನೇ ಡಬ್ಬಿಯ ತಳ ಕಾಣ್ತಾ ಉಂಟು ಮಾರಾಯ್ರೆ. ನಾವೇ ಮಾಡಿ ನೋಡಿದೆವು, ಗಿರಾಕಿಗಳು ಬಟ್ಟಲು ದೂರ ನೂಕ್ತಾರೆ. ನಾಳೆ ಮನೆಗೇ ತನ್ನಿ, ಮೂವರೂ ಕೂತು ನೋಡ್ತೇವೆ."

ಸಂಜೆ ಮನೆಗೆ ಬಂದು ಬೀರು ತೆಗೆದರೆ ಸೀರೆಗಳಿವೆ, ಸಿ.ಡಿ. ಇಲ್ಲ.

"ಅಮ್ಮಾ, ಇಲ್ಲಿ ನಾಲ್ಕು ಸಿ.ಡಿ. ಇತ್ತಲ್ಲ?"

"ಓ ಅದಾ? ಮಾಡೀಲಿದೆ ಕಣೋ. ಮೇಲೆ ಬರೀ ಒಂದು, ಎರಡು ಅಂತಿತ್ತು, ವೇಸ್ಟ್ ಅಂದ್ಕೊಂಡೆ."

ಮಾಡಿಗೆ, ಅಂದರೆ ತಾರಸಿಗೆ, ಓಡಿದೆ. ಸೀರೆಯ ಮೇಲೆ ಸಾಲಾಗಿ ಸಂಡಿಗೆ. ಅದರ ಮೇಲೊಂದು ಹಗ್ಗ. ಹಗ್ಗದಲ್ಲಿ ಅಜ್ಜಯ್ಯನ ಐವತ್ತು ವರ್ಷ ತೂಗಾಡುತ್ತಿತ್ತು. ಫಳಫಳ ಹೊಳೆದರೆ ಕಾಗೆ ಬರುವುದಿಲ್ಲವೆಂದು ಪಕ್ಕದ ಮನೆಯ ಮಾಮಿ ಹೇಳಿಕೊಟ್ಟಿದ್ದರಂತೆ. ತಿಂಗಳ ಬಿಸಿಲಿಗೆ ಮೂರು ಸಿ.ಡಿ. ಈರುಳ್ಳಿಯ ಹಾಗೆ ಸಿಪ್ಪೆ ಬಿಟ್ಟಿದ್ದವು. ನೀರಿನ ತೊಟ್ಟಿಯ ನೆರಳಲ್ಲಿದ್ದ ನಾಲ್ಕನೆಯದು ಮಾತ್ರ, ಒಂದಿಷ್ಟು ಹಿಟ್ಟು ಮೆತ್ತಿಕೊಂಡು, ಇಡಿಯಾಗಿತ್ತು. ಅಳು ಬಂದುಬಿಟ್ಟಿತು ನನಗೆ. ಗಂಟು ಬಿಚ್ಚಲು ಹೋದರೆ ಹಿಂದಿನಿಂದ ಅಮ್ಮ ಕೂಗಿದರು:

"ಅದೊಂದನ್ನ ಬಿಟ್ಟು ಬೇರೆ ಯಾವುದನ್ನಾದ್ರೂ ತಗೊಳೋ, ಕಾಗೆ ಅದಕ್ಕೇ ಹೆದರೋದು!"

೬. ಅಜ್ಜಯ್ಯ ಹೇಳಿದ್ದು

ಹೋಟೆಲಿನ ಮೇಲಿನ ಮನೆಯಲ್ಲಿ ಟಿ.ವಿ.ಯ ಮುಂದೆ ಮೂವರು ಮಕ್ಕಳೂ ಸಾಲಾಗಿ ಕೂತಿದ್ದರು. ಹಿರಿಯವರ ಕೈಯಲ್ಲಿ ನೋಟ್‌ಬುಕ್ಕು, ನಡುವಿನವರ ಕೈಯಲ್ಲಿ ತಕ್ಕಡಿ. ಕಿರಿಯವರು ಕೊತ್ತಂಬರಿ, ಮೆಣಸು, ಮೆಂತ್ಯ ಎಲ್ಲ ಮುಂದಿಟ್ಟುಕೊಂಡಿದ್ದರು. ನಾನು ಸಿ.ಡಿ. ಹಾಕಿದೆ. ಕೊಟ್ಟ ಮಾತಿನಂತೆ ಹೊರಡಲು ಎದ್ದರೆ, ಮಿಷಿನು ಕೈಕೊಟ್ಟರೆ ಯಾರು ನೋಡುವುದೆಂದು ಹಿರಿಯವರು ಅಲ್ಲೇ ಕೂರಿಸಿದರು. ಸ್ವಲ್ಪ ಹೊತ್ತು ತಡವರಿಸಿ ಚಿತ್ರ ಬಂತು. ಶಲ್ಯ ಹೊದ್ದ ಅಜ್ಜಯ್ಯ ನೇರವಾಗಿ ಮಕ್ಕಳನ್ನೇ ನೋಡಿದರು. ಕಿರಿಯವರು ಕಣ್ಣೊರೆಸಿಕೊಂಡರು.

"ನೀವು ಇದನ್ನು ನೋಡ್ತಾ ಇದ್ದೀರಿ ಅಂದ್ರೆ ಪುಡಿ ಮುಗಿದಿದೆ," ಎಂದರು ಅಜ್ಜಯ್ಯ. "ಹೊರಗಿನವ್ರಿಗೆ ಹೇಳ್ಳಿಲ್ಲ ನಾನು. ನಿಮಗೆ ಹೇಳಿದ್ದೇನೆ. ಹಿರಿಯವ್ನಿಗೆ ಕಾಲೇಜು ಬಿಟ್ಟ ವರ್ಷ ಹೇಳಿದ್ದೆ. ನಡುವಿನವ್ನಿಗೆ ಹೊಸ ಗ್ರೈಂಡರ್ ತಂದ ದಿನ ಹೇಳಿದ್ದೆ. ಸಣ್ಣವ್ನಿಗೆ ಮದುವೆಯ ಮರುದಿನ ಕೂರಿಸಿಕೊಂಡು ಹೇಳಿದ್ದೆ. ಒಬ್ಬ ಮರೆತ್ರೆ ಇನ್ನೊಬ್ಬನ ಹತ್ರ ಇರ್ಲಿ ಅಂತ ಮೂವರಿಗೂ ಹೇಳಿದ್ದು. ಹಾಗಾಗಿ ಮತ್ತೆ ಹೇಳುವ ಅಗತ್ಯ ಇಲ್ಲ. ಜಗಳ ಮಾಡ್ಬೇಡಿ, ಒಬ್ಬರನ್ನೊಬ್ಬರು ಕೇಳಿ ಮಾಡಿ."

ಅಷ್ಟೇ. ಎರಡು ನಿಮಿಷಕ್ಕೆ ಮಾತು ಮುಗಿಯಿತು. ಕ್ಯಾಮೆರಾ ನಿಲ್ಲಿಸಲು ಬಾರದ ಅಜ್ಜಯ್ಯ ಉಳಿದ ಹದಿನೆಂಟು ನಿಮಿಷ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಎಚ್ಚರವಾಗಿ ಏನಾದರೂ ಹೇಳಿಯಾರೆಂದು ಮೂವರೂ ಆ ಹದಿನೆಂಟು ನಿಮಿಷವನ್ನೂ ಕಣ್ಣು ಮಿಟುಕಿಸದೆ ನೋಡಿದರು.

ಟಿ.ವಿ. ನೀಲಿಯಾಯಿತು. ಹಿರಿಯವರು ನಡುವಿನವರನ್ನು ನೋಡಿದರು. "ನಿಂಗೆ ನೆನಪುಂಟಲ್ಲ?"

"ನಿನ್ನ ಹತ್ರ ಉಂಟಲ್ಲ ಅಂತ ನಾನು ಕಿವಿಗೇ ಹಾಕ್ಕೊಳ್ಳಿಲ್ಲ," ಎಂದರು ನಡುವಿನವರು.

ಇಬ್ಬರೂ ಕಿರಿಯವರ ಕಡೆ ತಿರುಗಿದರು. "ಮದುವೆಯ ಮರುದಿನ ಯಾರಾದ್ರೂ ಸಾಂಬಾರ್ ಪುಡಿ ಕೇಳ್ತಾರಾ?" ಎಂದು ಅವರು ತಲೆ ತಗ್ಗಿಸಿದರು.

ಕೆಳಗೆ ಹೋಟೆಲಿನಲ್ಲಿ ಯಾರೋ ಇನ್ನೊಂದು ಬಟ್ಟಲು ಸಾಂಬಾರ್ ಎಂದು ಕೂಗುತ್ತಿದ್ದರು. ಕೊನೆಗೆ ಹಿರಿಯ ಮಗ ನೋಟ್‌ಬುಕ್ಕು ಮಡಚಿ ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು:

"ಮಾರಾಯ್ರೆ, ಇದ್ರದ್ದು ಇನ್ನೊಂದು ಕಾಪಿ ಏನಾದ್ರೂ ಉಂಟಾ? ಅದ್ರಲ್ಲಾದ್ರೂ ಹೇಳಿರ್ಬಹುದು."