ಸಾವ್ಕಾರ್ರ, ಒಂಚೂರು ಸರೀರಿ

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು, ಪಾಪ. ನಾನು ಪಟ್ಟೆ, ಮೂರು ವಾರ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೂರು ತಿಂಗಳ ಕೂಸು, ಬೆಣ್ಣೆಯ ಉಂಡೆ. ತರಕಾರಿಯವನಿಗೆ, ಹಾಲಿನವಳಿಗೆ, ವಿಳಾಸ ತಪ್ಪಿ ಬಂದ ಕೊರಿಯರ್‌ನವನಿಗೂ ಕರೆದು ತೋರಿಸಿದ್ದೇನೆ. ಆದರೆ ಆ ಮೂರು ವಾರ ಕೂಸು ನನಗೆ ಒಮ್ಮೆಯೂ ನಗಲಿಲ್ಲ. ನಕ್ಕದ್ದು ಖಾಲಿ ಮೂಲೆಗೆ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಮನೆಗಳಿಗೆ ಇರುವವರ ಹೆಸರಿಲ್ಲ, ಕಟ್ಟಿಸಿದವರ ಹೆಸರು. ವಕೀಲರ ಮನೆಯಲ್ಲಿ ಈಗ ಹಿಟ್ಟಿನ ಗಿರಣಿ ಓಡುತ್ತದೆ, ಆದರೂ ಜನ ಜೋಳ ಬೀಸಿಸಲು ಹೋಗುವುದು ವಕೀಲರ ಮನೆಗೇ. ನಮ್ಮದನ್ನು ಕಟ್ಟಿಸಿದವರು ಹತ್ತಿ ವ್ಯಾಪಾರದ ಸಾವ್ಕಾರರು. ನಾವು ಕೊಂಡು ಇಪ್ಪತ್ತೆರಡು ವರ್ಷವಾಯಿತು, ಬಾಗಿಲಿಗೆ ನಮ್ಮ ಹೆಸರಿನ ಫಲಕವೂ ಇದೆ. ಬೆಂಗೇರಿಯ ಆಟೋದವನು ಆ ಫಲಕದ ಕೆಳಗೇ ನಿಂತು, "ಹತ್ತಿ ಸಾವ್ಕಾರ್ರ ಮನಿ ಇದ ಏನ್ರಿ?" ಎನ್ನುತ್ತಾನೆ.

ಒಂದು ದಿನ ಮಧ್ಯಾಹ್ನ ಮೂರರ ಸುಮಾರು. ಪಡಸಾಲೆಯಲ್ಲಿ ಕೌದಿಯ ಮೇಲೆ ಕೂಸನ್ನು ಮಲಗಿಸಿ ಗಿಲಕಿ ಆಡಿಸುತ್ತಿದ್ದೆ. ಅದು ನನ್ನನ್ನು ದಾಟಿ, ಬಾಗಿಲ ಪಕ್ಕದ ಮೂಲೆ ನೋಡಿ ಕೇಕೆ ಹಾಕಿತು. ಕಣ್ಣು ಮೆಲ್ಲಗೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಯಾರೋ ಆಚೆ ಈಚೆ ಬಾಗಿ ಆಡಿಸಿದಂತೆ. ನನ್ನ ಕೈಯ ಗಿಲಕಿ ನಿಂತಿತು. ಕೂಸಿನ ನಗು ನಿಲ್ಲಲಿಲ್ಲ.

ಎದುರು ಮನೆಯ ಗಂಗಕ್ಕನನ್ನು ಕರೆದೆ. ಎಂಬತ್ತು ದಾಟಿದವಳು, ಸಾವ್ಕಾರರನ್ನು ಕಂಡವಳು. "ಅಲ್ಲೇ ಅವರ ಆರಾಮ ಕುರ್ಚಿ ಇತ್ತವಾ," ಎಂದಳು. "ಮಕ್ಕಳಿಲ್ಲದ ಜೀವ. ಓಣ್ಯಾಗಿನ ಕೂಸುಗಳನ್ನೆಲ್ಲಾ ತರಿಸ್ಕೊಂಡು ನಗಸ್ತಿದ್ರು. ಹೆದರಬ್ಯಾಡ ರಾಹೇಲಾ, ಛಲೋ ಮನಷ್ಯಾ."

ಹೆದರಿಕೆ ಯಾರಿಗೆ? ನಾವು ಚರ್ಚಿಗೆ ಹೋಗುವವರು, ಇಂಥದ್ದನ್ನೆಲ್ಲ ನಂಬುವುದಿಲ್ಲ. ನನಗೆ ಬಂದದ್ದು ಸಿಟ್ಟು. ಮನೆಯ ಹೆಸರು ಇಟ್ಟುಕೊಳ್ಳಲಿ, ನನ್ನ ಮೊಮ್ಮಗಳ ನಗುವೂ ಅವರಿಗೇ ಬೇಕೆ? ಕೌದಿಯನ್ನು ಅಡುಗೆಮನೆಗೆ ಎಳೆದೆ. ಕೂಸು ಓಣಿಯೆಲ್ಲ ಕೇಳುವಂತೆ ಅತ್ತಿತು. ಮತ್ತೆ ಪಡಸಾಲೆಗೆ ತಂದು, ಆ ಮೂಲೆಗೆ ಟ್ರಂಕು ಇಟ್ಟೆ. ಅದರ ನೋಟ ಎರಡು ಗೇಣು ಮೇಲೇರಿತು, ಯಾರೋ ಟ್ರಂಕು ಹತ್ತಿ ಕೂತಂತೆ. ಮತ್ತೆ ಅದೇ ಕೇಕೆ.

ಕೊನೆಗೊಂದು ದಿನ ಟ್ರಂಕು ತೆಗೆದು, ಅಲ್ಲಿ ಕುರ್ಚಿ ಹಾಕಿ, ಗೋಡೆಯತ್ತ ತಿರುಗಿ, "ಸಾವ್ಕಾರ್ರ, ಒಂಚೂರು ಸರೀರಿ," ಎಂದು, ಕೂಸಿನತ್ತ ಮುಖ ಮಾಡಿ ನಾನೇ ಕೂತೆ. ಹೊರಗೆ ಏಪ್ರಿಲ್ ಬಿಸಿಲು. ನನ್ನ ಕುತ್ತಿಗೆಗೆ ಮಾತ್ರ ಬಾವಿಯ ತಂಪು ತಾಗಿತು.

ಒಳಗಿನಿಂದ ಸೊಸೆ ಸುನೀತಾ, "ಯಾರಿಗೆ ಸರೀರಿ ಅಂದ್ರಿ ಅತ್ತೀ?" ಎಂದಳು.

"ಬೆಕ್ಕಿಗೆ."

"ಬೆಕ್ಕಿಗೆ ರೀ ಹಚ್ಚಿ ಮಾತಾಡಾಕತ್ತೀರಿ?"

ಅಷ್ಟರಲ್ಲಾಗಲೇ ಕೂಸು ನನ್ನನ್ನೇ ನೋಡಿ, ಹಲ್ಲಿಲ್ಲದ ಬಾಯಿ ತುಂಬ ನಗುತ್ತಿತ್ತು! ಕಣ್ಣೀರು ಒರೆಸಿಕೊಳ್ಳಲು ಸೆರಗು ಸಾಲಲಿಲ್ಲ. ಅಂದಿನಿಂದ ದಿನಾ ಮೂರಕ್ಕೆ ನಾನು ಅಲ್ಲೇ ಕೂಡುತ್ತೇನೆ, ಅದು ನಗುತ್ತದೆ.

ನಿನ್ನೆ ಗಂಗಕ್ಕ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. "ಅಯ್ಯ ನಮ್ಮವ್ವಾ! ಥೇಟ್ ಸಾವ್ಕಾರ್ರು ಕುಂತಂಗ ಕುಂತೀಯಲ್ಲ! ಕಾಲ ಮ್ಯಾಲ ಕಾಲು ಹಾಕ್ಕೊಂಡು, ಮೀಸಿ ತಿರುವ್ಕೋತ..."

ನೋಡಿಕೊಂಡೆ. ನನ್ನ ಬೆರಳು ನಿಜವಾಗಿಯೂ ತುಟಿಯ ಮೇಲೆ, ಇಲ್ಲದ ಮೀಸೆಯನ್ನು ಹುರಿ ಮಾಡುತ್ತಿತ್ತು. ಕೂಸು ನಕ್ಕು ನಕ್ಕು ಬಿಕ್ಕುತ್ತಿತ್ತು. ಕೈ ಇಳಿಸಬೇಕೆಂದುಕೊಂಡೆ. ಇಳಿಸಿದರೆ ನಗು ನಿಂತೀತೆಂದು ಇನ್ನೊಂದು ಸುತ್ತು ತಿರುವಿದೆ.