ಅತ್ತೆಗೊಂದು ಬಾಡಿಗೆ ಭಾಷಣ

ನಾನೊಬ್ಬ ಸಾಹಿತಿ ಎಂಬುದನ್ನು ಕಡಲ ದಂಡೆಯ ನಮ್ಮ ವಾಲರೂ ಊರು ಇನ್ನೂ ಒಪ್ಪಿಕೊಂಡಿಲ್ಲ. ಇದು ನನ್ನ ಬಹುಕಾಲದ ಕೊರಗು. ಕೌನ್ಸಿಲ್ ಕಚೇರಿಯಲ್ಲಿದ್ದಷ್ಟು ಕಾಲವೂ ಊರಿನ ಸಮಸ್ತ ಸೂಚನಾ ಫಲಕಗಳನ್ನು ಬರೆದವನು ನಾನೇ. ‘ಜೆಟ್ಟಿಯಿಂದ ನೀರಿಗೆ ಹಾರಬಾರದು’ ಎಂಬ ನನ್ನ ಕೃತಿ ಇವತ್ತಿಗೂ ಕಡಲೊಳಕ್ಕೆ ಚಾಚಿದ ಆ ದೋಣಿಕಟ್ಟೆಯ ಮೇಲೆ ನಿಂತಿದೆ. ಬೇಸಿಗೆಯಲ್ಲಿ ನೂರಾರು ಮಂದಿ ಅದನ್ನು ಓದುತ್ತಾರೆ, ಓದಿದ ಕೂಡಲೇ ನೀರಿಗೆ ಹಾರುತ್ತಾರೆ. ‘ನಿಮ್ಮ ನಾಯಿ ಮಾಡಿದ್ದನ್ನು ನೀವೇ ಎತ್ತಿ’ ಎಂಬುದು ನನ್ನ ಪ್ರೌಢ ಕಾಲದ ರಚನೆ. (ಇಷ್ಟು ಚಿಕ್ಕ ವಾಕ್ಯದಲ್ಲಿ ಪ್ರೀತಿ, ಕರ್ತವ್ಯ, ವಿಷಾದ ಮೂರೂ ಬಂದಿವೆ, ಗಮನಿಸಿ.)

ಇಂಥ ಪ್ರತಿಭೆ ನಿವೃತ್ತಿಯಾಗಿ ಮನೆಯಲ್ಲಿ ಕೂತರೆ ಏನು ಮಾಡಬೇಕಾಗುತ್ತದೆ? ಕಾಲೆತ್ತಬೇಕಾಗುತ್ತದೆ. ನನ್ನ ಹೆಂಡತಿ ಗ್ಲೆನಿಸ್ ಕಸ ಹೀರುವ ಯಂತ್ರ ಹಿಡಿದುಕೊಂಡು ನಾನು ಕೂತ ಕುರ್ಚಿಯ ಕೆಳಗೇ ಬರುತ್ತಿದ್ದಳು. ಬೇರೆ ಕುರ್ಚಿಗೆ ಹೋದರೆ ಕಸವೂ ಅಲ್ಲಿಗೇ ಬರುತ್ತಿತ್ತು. ಹೀಗೆ ಕಾಲೆತ್ತಿ ಕಾಲೆತ್ತಿ ಸಾಕಾಗಿದ್ದ ಒಂದು ಬೆಳಿಗ್ಗೆ ನನಗೆ ಜ್ಞಾನೋದಯವಾಯಿತು. ಕಂಪ್ಯೂಟರಿನಲ್ಲಿ ಬರಹಗಾರರೂ ಗಿರಾಕಿಗಳೂ ಸೇರುವ ಒಂದು ಸಂತೆ ಇದೆಯಂತೆ. ಬರೆಸಿಕೊಳ್ಳುವವರು ಕೂಗುತ್ತಾರೆ, ಬರೆಯುವವರು ಓಗೊಡುತ್ತಾರೆ. ಇನ್ನು ಮುಂದೆ ನಾನು ಫ್ರೀಲ್ಯಾನ್ಸ್ ಬರಹಗಾರ ಎಂದು ಗ್ಲೆನಿಸ್ ಮುಂದೆ ಘೋಷಿಸಿದೆ.

“ಫ್ರೀ ಅಂದ್ರೆ ಪುಕ್ಕಟೆ ತಾನೆ?” ಎಂದಳು ಅವಳು. “ಪುಕ್ಕಟೆ ಕೆಲಸ ಮನೇಲೇ ಬೇಕಾದಷ್ಟಿದೆ. ಸೂರಿನ ಮಳೆನೀರು ಹರಿಯೋ ದೋಣಿ ತುಂಬ ಎಲೆ ಕೂತಿದೆ, ಮೊದ್ಲು ಅದನ್ನ ತೆಗಿ.”

ಎಲೆ ತೆಗೆದೇ ನಾನು ಸಾಹಿತ್ಯಕ್ಷೇತ್ರ ಪ್ರವೇಶಿಸಿದ್ದು.

ಆ ಸಂತೆಯಲ್ಲಿ ಮೊದಲು ನಮ್ಮ ಪರಿಚಯ ಬರೆದುಕೊಳ್ಳಬೇಕು. ಲಿಂಡ್ಸಿ ಟ್ರೆಗೆನ್ಜಾ, ಮಾಜಿ ಫಲಕ ಲೇಖಕ ಎಂದರೆ ಯಾರು ಕೆಲಸ ಕೊಡುತ್ತಾರೆ? ‘ಸೆಬಾಸ್ಟಿಯನ್ ಹಾರ್ಟ್‌ವೆಲ್’ ಎಂಬ ಕಾವ್ಯನಾಮ ಧರಿಸಿದೆ. ವಾಸ ಎಲ್ಲಿ ಎಂದು ಕೇಳಿದ ಕಡೆ ‘ಲಂಡನ್ ಮತ್ತು ವಿಯೆನ್ನಾಗಳ ನಡುವೆ’ ಎಂದು ಬರೆದೆ. (ಭೂಮಿಯನ್ನು ಬಳಸುದಾರಿಯಲ್ಲಿ ಸುತ್ತಿಕೊಂಡು ಹೋದರೆ, ಭೂಗೋಳದ ಕೆಳತುದಿಯಲ್ಲಿರುವ ವಾಲರೂ ಕೂಡ ಅವೆರಡರ ನಡುವೆಯೇ ಬರುತ್ತದೆ. ನಾನು ಸುಳ್ಳು ಹೇಳುವವನಲ್ಲ.)

ಮೊದಲ ಕೆಲಸ ಸಿಕ್ಕಿತು. ಸ್ನಾನದ ಮನೆಯ ಕಾಲೊರಸು ಮಾರುವವನೊಬ್ಬನಿಗೆ ಅದರ ವರ್ಣನೆ ಬೇಕಾಗಿತ್ತು. ಮುಂಜಾವಿನ ಮಂಜಿನಿಂದ ಆರಂಭಿಸಿ, ಮನುಷ್ಯನ ಪಾದದ ಏಕಾಂತದ ಬಗ್ಗೆ ಎರಡು ಪುಟ ಬರೆದು ಕಳಿಸಿದೆ. ಕಾಲೊರಸು ಚೌಕವೋ ಗುಂಡೋ ಅದೊಂದು ಬಿಟ್ಟು ಬೇರೆಲ್ಲ ಇದೆಯಲ್ಲ ಎಂದು ಅವನು ಉತ್ತರ ಬರೆದ. ಎರಡನೆಯ ಕೆಲಸ, ಬೆಕ್ಕಿಗೆ ಜಂತುಹುಳದ ಮಾತ್ರೆ ನುಂಗಿಸುವುದು ಹೇಗೆ ಎಂಬ ಲೇಖನ. ನಮ್ಮಲ್ಲಿ ಬೆಕ್ಕಿಲ್ಲ. ಪಕ್ಕದ ಮನೆಯ ಬೆಕ್ಕಿನ ಮೇಲೆ ಸಂಶೋಧನೆ ನಡೆಸಿದೆ. ಲೇಖನ ಪ್ರಕಟವಾಗುವ ಹೊತ್ತಿಗೂ ನನ್ನ ಬಲಗೈ ಸಂಶೋಧನೆಯಿಂದ ಚೇತರಿಸಿಕೊಂಡಿರಲಿಲ್ಲ.

ಆಮೇಲೆ ಬಂತು ನೋಡಿ, ನನ್ನ ಯೋಗ್ಯತೆಗೆ ತಕ್ಕ ಕೆಲಸ. ‘ಹೆಮ್ಮೆಯ ಮಗ’ ಎಂದು ಹೆಸರಿಟ್ಟುಕೊಂಡಿದ್ದ ಗಿರಾಕಿಯೊಬ್ಬ ತನ್ನ ತಾಯಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಭಾಷಣ ಬರೆಸಲು ಬಯಸಿದ್ದ. ತಾಯಿಯ ಗುಣಗಳನ್ನೂ ತಿಳಿಸಿದ್ದ: ಮೃದು ಮಾತು, ಅಪಾರ ತಾಳ್ಮೆ, ಯಾರ ಮನಸ್ಸನ್ನೂ ನೋಯಿಸಿದವಳಲ್ಲ, ತನಗಾಗಿ ಏನನ್ನೂ ಕೇಳಿದವಳಲ್ಲ.

ಓದಿ ನನಗೆ ಹೊಟ್ಟೆ ಉರಿಯಿತು. ಲೋಕದಲ್ಲಿ ಇಂಥ ಹೆಂಗಸರೂ ಇದ್ದಾರಲ್ಲ, ಈಕೆ ಯಾವ ಪುಣ್ಯಾತ್ಮನಿಗೆ ಅತ್ತೆಯಾಗಿದ್ದಾಳೋ ಅನ್ನಿಸಿತು. ಕುತೂಹಲ ತಡೆಯದೆ, ಅಳಿಯಂದಿರು ಇದ್ದರೆ ಅವರ ಬಗ್ಗೆಯೂ ಎರಡು ಮಾತು ಸೇರಿಸಲೇ ಎಂದು ಕೇಳಿದೆ. ಅಳಿಯ ಒಬ್ಬನಿದ್ದಾನೆ, ಹೆಸರು ಹೇಳುವಂಥವನಲ್ಲ, ಬೇಕಿದ್ದರೆ ಅವನ ಮೇಲೊಂದು ತಮಾಷೆ ಇರಲಿ, ಜನ ನಗುತ್ತಾರೆ ಎಂದು ಉತ್ತರ ಬಂತು.

ಇಂಥ ಅಳಿಯಂದಿರು ನನಗೆ ಗೊತ್ತು. ಪ್ರತಿ ಸಂಸಾರದಲ್ಲೂ ಒಬ್ಬ ಇರುತ್ತಾನೆ. ತೋಳೇರಿಸಿಕೊಂಡು ಬರೆದೆ. ‘ಅಮ್ಮನ ತಾಳ್ಮೆಗೆ ಸಾಕ್ಷಿ ಬೇಕೆ? ಅಗೋ, ಅಳಿಯ ಅಲ್ಲೇ ಕೂತಿದ್ದಾನೆ, ನೋಡಿಕೊಳ್ಳಿ.’ ಬರೆದು ಮುಗಿಸಿ ನಾನೊಬ್ಬನೇ ಬಹಳ ಹೊತ್ತು ನಕ್ಕೆ. ಉಳಿದ ಭಾಷಣವಂತೂ ಕರುಳು ಹಿಂಡುವಂತಿತ್ತು. ಗಿರಾಕಿ ಸಂತೋಷಪಟ್ಟು ಐದು ನಕ್ಷತ್ರ ಕೊಟ್ಟ.

ಅದೇ ದಿನಗಳಲ್ಲಿ ಒಂದು ಸಂಜೆ ಊಟದ ಮೇಜಿನಲ್ಲಿ ಗ್ಲೆನಿಸ್ ಬಾಂಬ್ ಹಾಕಿದಳು. ಅವಳ ತಾಯಿ ಎನಿಡ್‌ಗೂ ಎಂಬತ್ತು ತುಂಬುತ್ತಿತ್ತು. ಬೌಲ್ಸ್ ಕ್ಲಬ್ಬಿನ ಹಾಲ್‌ನಲ್ಲಿ ಸಮಾರಂಭ. ಮೊದಲು ಅವಳ ಅಣ್ಣ ಟ್ರೆವರ್ ಮಾತಾಡುತ್ತಾನೆ, ಆಮೇಲೆ ನಾನು ಮಾತಾಡಬೇಕು ಎಂದು ತೀರ್ಮಾನವಾಗಿಬಿಟ್ಟಿತ್ತು.

“ಬರಹಗಾರ ಬರಹಗಾರ ಅಂತ ನಾನೇ ಎಲ್ಲರ ಹತ್ರ ಹೇಳ್ಕೊಂಡ್ ಬಂದಿದೀನಿ,” ಎಂದಳು. “ನನ್ ಮರ್ಯಾದೆ ಕಳೀಬೇಡ, ಲಿಂಡ್ಸಿ.”

ನಿಮಗೆ ಆಗಲೇ ಅನುಮಾನ ಬಂದಿರಬಹುದು. ನನಗೆ ಬರಲಿಲ್ಲ. ಏಕೆ ಬರಬೇಕು ಹೇಳಿ. ನಮ್ಮ ಕಡೆ ಕುರಿಗಳಿಗಿಂತ ಎಂಬತ್ತಾದವರ ಸಂಖ್ಯೆಯೇ ಹೆಚ್ಚು. ಮೇಲಾಗಿ ನಮ್ಮತ್ತೆಗೂ ಮೃದು ಮಾತಿಗೂ ಯಾವ ಸಂಬಂಧವೂ ಇಲ್ಲ. ಆಕೆ ಕೆಮ್ಮಿದರೆ ಚರ್ಚಿನ ಪಾದ್ರಿ ಪ್ರವಚನ ಮೊಟಕುಗೊಳಿಸುತ್ತಾರೆ. ಹುಲ್ಲಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಆಟದಲ್ಲಿ ಆಕೆಯ ಚೆಂಡು ಎಲ್ಲಿ ನಿಂತರೂ ಅಂಪೈರ್ ಗೆಲುವು ಬರೆದುಕೊಂಡು ಬೇಗ ಮನೆಗೆ ಹೋಗುತ್ತಾನೆ. ನನ್ನ ಮದುವೆಯ ದಿನ ನನ್ನನ್ನು ಅಪ್ಪಿಕೊಂಡು ಕಿವಿಯಲ್ಲಿ ಆಕೆ ಹೇಳಿದ ಮೊದಲ ಮಾತು, ‘ನೆಟ್ಟಗೆ ನಿಂತ್ಕೋ’.

ಟ್ರೆವರ್ ವಿಷಯ ಬೇರೆ. ಪಕ್ಕದ ಕಡೀನಾ ಊರಲ್ಲಿ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆಗಾಡಿ, ಮಾರುತ್ತಾನೆ. ಹಲ್ಲು ಬಿಟ್ಟರೆ ಒಂದು ಕ್ಯಾರವಾನ್ ಮಾರಾಟವಾಗುತ್ತದೆ. ಅವನು ಮಾಡಿದ್ದೆಲ್ಲ ಅವರ ಮನೆಯಲ್ಲಿ ಸಾಧನೆ, ನಾನು ಮಾಡಿದ್ದೆಲ್ಲ ಸದ್ದು. ಮಾತಿನಲ್ಲಾದರೂ ಅವನನ್ನು ಮಣಿಸುವ ಅವಕಾಶ ಈಗ ಬಂದಿತ್ತು.

ಆದರೆ ಅತ್ತೆಯನ್ನು ಹೊಗಳುವುದು ಹೇಗೆ? ಹಾಳೆ ಮುಂದಿಟ್ಟುಕೊಂಡು ಕೂತೆ. ‘ಎನಿಡ್ ಅವರು’ ಎಂದು ಬರೆದೆ. ಮುಂದೆ ಹೋಗಲಿಲ್ಲ. ಸಮಾರಂಭದ ದಿನ ಹತ್ತಿರ ಬಂದರೂ ‘ಅವರು’ ಅಲ್ಲೇ ನಿಂತಿದ್ದರು. ಕೊನೆಗೆ ಹೊಳೆಯಿತು: ‘ಹೆಮ್ಮೆಯ ಮಗ’ನ ಭಾಷಣ ಇದೆಯಲ್ಲ! ಅವನು ಯಾವ ದೇಶದವನೋ ಏನೋ, ಅವನ ಅಮ್ಮನಿಗೆ ಹೊಲಿದ ಅಂಗಿಯನ್ನು ನಮ್ಮತ್ತೆಗೂ ತೊಡಿಸಿದರೆ ಯಾರಿಗೆ ಗೊತ್ತಾಗುತ್ತದೆ? ಅಳಿಯನ ತಮಾಷೆಯನ್ನು ಕಿತ್ತುಹಾಕಿ, ‘ಅಮ್ಮ’ ಇದ್ದಲ್ಲೆಲ್ಲ ‘ಎನಿಡ್’ ಸೇರಿಸಿ, ನಕಲು ತೆಗೆದು ಕೋಟಿನ ಜೇಬಿಗಿಟ್ಟುಕೊಂಡೆ.

ಸಮಾರಂಭದ ದಿನ ಹಾಲ್ ತುಂಬ ಜನ. ಮಾಂಸ ತುಂಬಿದ ಕರ್ಜಿಕಾಯಿಯಂಥ ಪ್ಯಾಸ್ಟಿ, ಸಾಸೇಜ್ ರೋಲು, ಮೇಜಿನ ತುದಿಯಲ್ಲಿ ಲ್ಯಾಮಿಂಗ್ಟನ್ ಕೇಕಿನ ಗುಡ್ಡ. ನಮ್ಮತ್ತೆ ನಡುವೆ ಸಿಂಹಾಸನಾರೂಢರಾಗಿ ಪ್ಯಾಸ್ಟಿಯೊಂದನ್ನು ಮುರಿದು, ಇದರಲ್ಲಿ ಮಾಂಸ ಹಾಕಿದ್ದಾರೋ ಇಲ್ಲ ಮಾಂಸದ ಸುದ್ದಿ ಹೇಳಿ ಬಿಟ್ಟಿದ್ದಾರೋ ಎಂದು ಕೇಳುತ್ತಿದ್ದರು. ಟ್ರೆವರ್ ಎದ್ದು ನಿಂತ. ಹಲ್ಲು ಬಿಟ್ಟ. ಕನ್ನಡಕ ಹಾಕಿಕೊಂಡು ಓದಲು ಶುರುಮಾಡಿದ.

‘ಕೆಲವರು ಮನೆಯನ್ನು ಮಾತಿನಿಂದ ತುಂಬುತ್ತಾರೆ. ನಮ್ಮಮ್ಮ ಮೌನದಿಂದ ತುಂಬಿದಳು.’

ನನ್ನ ಬಾಯಲ್ಲಿದ್ದ ಸಾಸೇಜ್ ರೋಲು ಅಲ್ಲೇ ನಿಂತುಬಿಟ್ಟಿತು. ಅದು ನನ್ನ ವಾಕ್ಯ. ಮುಂದಿನದೂ ನನ್ನದೇ. ‘ಒಂದು ಬಿರುಸು ಮಾತು ಆ ತುಟಿಯಿಂದ ಹೊರಟಿದ್ದನ್ನು ಕೇಳಿದವರಿಲ್ಲ’ ಎಂದು ಅವನು ಓದುವಾಗ, ಗೊಣಗಬೇಡ, ಗಟ್ಟಿಯಾಗಿ ಓದೋ ಎಂದು ನಮ್ಮತ್ತೆ ಗದರಿದರು. ಅವನು ಗಟ್ಟಿಯಾಗಿ ಓದಿದ. ಹಾಲ್ ಪೂರ್ತಿ ಕರಗಿಹೋಯಿತು. ಬೌಲ್ಸ್ ಅಂಪೈರ್ ಕಣ್ಣೊರೆಸಿಕೊಂಡ. (ಅವನಿಗೆ ಬೇರೆ ಕಾರಣವೂ ಇದ್ದಿರಬಹುದು.)

ಆಮೇಲೆ ಟ್ರೆವರ್ ತಲೆಯೆತ್ತಿ, ಅಮ್ಮನ ತಾಳ್ಮೆಗೆ ಸಾಕ್ಷಿ ಬೇಕೆ ಎಂದು ಕೇಳಿ, ನನ್ನ ಕಡೆ ಬೆರಳು ತೋರಿಸಿದ. ಛಾವಣಿ ಹಾರಿಹೋಗುವಂತೆ ಜನ ನಕ್ಕರು. ಎಷ್ಟು ಚೆನ್ನಾಗಿ ಬರೆದಿದ್ದೆನೆಂದು ಆಗ ನನಗೆ ಅರ್ಥವಾಯಿತು. ಗ್ಲೆನಿಸ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ನನ್ನ ಸರದಿ ಬಂತು. ಎದ್ದು ನಿಂತೆ. ಜೇಬಿನಲ್ಲಿದ್ದದ್ದು ಈಗಷ್ಟೇ ಚಪ್ಪಾಳೆ ಗಿಟ್ಟಿಸಿದ ಭಾಷಣ. ತಲೆಯಲ್ಲಿದ್ದದ್ದು ನಾಯಿ ಮತ್ತು ಜೆಟ್ಟಿ. ಗಂಟಲು ಸರಿಮಾಡಿಕೊಂಡು, ಟ್ರೆವರ್ ಹೇಳಿದ ಪ್ರತಿ ಅಕ್ಷರವೂ ನನ್ನದೇ ಎಂದು ಭಾವಿಸಬೇಕು ಎಂದೆ. ಇದಕ್ಕಿಂತ ದೊಡ್ಡ ಸತ್ಯವನ್ನು ನಾನು ಆವರೆಗೆ ಆಡಿರಲಿಲ್ಲ. ಜನ ಇನ್ನೇನಾದರೂ ಬರುತ್ತದೆಂದು ಕಾದರು. ಬರಲಿಲ್ಲ.

“ಅಷ್ಟೇನಾ?” ಎಂದರು ನಮ್ಮತ್ತೆ. “ಕೂತ್ಕೋ ಮತ್ತೆ. ಪ್ಯಾಸ್ಟಿ ಆರ್ತಾ ಇದೆ.”

ಹಾಲ್‌ನ ಹಿಂದಿನ ಅಡುಗೆಕೋಣೆಗೆ ಗ್ಲೆನಿಸ್ ನನ್ನನ್ನು ಎಳೆದುಕೊಂಡು ಹೋದಳು. ಕ್ಯಾರವಾನ್ ಮಾರುವವನು ಊರನ್ನೇ ಅಳಿಸಿದ, ಬರಹಗಾರನ ಬಾಯಲ್ಲಿ ಒಂದು ವಾಕ್ಯಕ್ಕೆ ಬರ ಬಂತು ಎಂದು ಹಂಗಿಸಿದಳು. ನಾನು ಸಿಟ್ಟಿನಿಂದ, ಆ ಭಾಷಣ ಬರೆದವನೇ ನಾನು ಎಂದು ಜೇಬಿನ ಹಾಳೆಗಳನ್ನು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಓದಿದಳು. ಮುಖ ಕೆಂಪಾಯಿತು.

“ಟ್ರೆವರ್ ಬರೆದದ್ದನ್ನ ಕದ್ದಿದೀಯಾ?” ಎಂದಳು ಮೆಲ್ಲಗೆ. “ಅದರಲ್ಲಿರೋ ತಮಾಷೇನೂ ಹೊಡೆದುಹಾಕಿದೀಯ. ಥೂ, ಲಿಂಡ್ಸಿ.”

ಕಂಪ್ಯೂಟರು, ಹಾರ್ಟ್‌ವೆಲ್, ವಿಯೆನ್ನಾ, ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮತ್ತೆ ಒಳಗೆ ಬಂದರು. ಕೈಯಲ್ಲಿ ಕರವಸ್ತ್ರ. ಆ ಮುಖವನ್ನು ನಾನು ಹಾಗೆ ನೋಡಿದ್ದೇ ಇಲ್ಲ. ಬೈಯಲು ಏನೂ ಸಿಗದವರಂತೆ ಸಿಂಕಿನ ಪಕ್ಕ ಸುಮ್ಮನೆ ನಿಂತರು.

“ನನ್ನನ್ನ ಮೃದು ಅಂತ ಯಾರೂ ಇದುವರೆಗೂ ಅಂದಿಲ್ಲ ಕಣೇ, ಗ್ಲೆನಿಸ್,” ಎಂದರು. “ಆ ಹುಡುಗ ಒಳಗೊಳಗೇ ಹಾಗಂದ್ಕೊಂಡಿದಾನೆ ಅಂತ ನಂಗೊತ್ತೇ ಇರ್ಲಿಲ್ಲ.”

ತೆರೆದ ಬಾಯಿಗೆ ಅಲ್ಲೇ ಇದ್ದ ಲ್ಯಾಮಿಂಗ್ಟನ್ ಒಂದನ್ನು ಹಾಕಿಕೊಂಡೆ. ನಾನು ಜೀವನದಲ್ಲಿ ಮಾಡಿದ ತ್ಯಾಗಗಳಲ್ಲಿ ಅದು ಅತಿ ದೊಡ್ಡದು, ಬಹುಶಃ ಒಂದೇ ಒಂದು. ನೋಡಿದವರಿಗೆ ಮಾತ್ರ ನಾನು ಕೇಕು ತಿಂದಂತೆ ಕಂಡಿತು. ಹೊರಡುವಾಗ ನಮ್ಮತ್ತೆ ನನ್ನ ಕಾಲರ್ ಸರಿಮಾಡಿ, ಟ್ರೆವರ್‌ನನ್ನು ನೋಡಿ ಕಲಿ ಎಂದರು, ಬಹಳ ಮೃದುವಾಗಿ.

ಹೊರಗೆ ಮಳೆನೀರಿನ ಟ್ಯಾಂಕಿನ ಬಳಿ ಟ್ರೆವರ್ ಸಿಕ್ಕಿದ. ಹೆಗಲ ಮೇಲೆ ಕೈ ಹಾಕಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದ.

“ಬೇಜಾರ್ ಮಾಡ್ಕೋಬೇಡ ಮಾರಾಯ. ಅದು ನಾನು ಬರೆದದ್ದಲ್ಲ. ಹಾರ್ಟ್‌ವೆಲ್ ಅಂತ ಒಬ್ಬ ಇದಾನೆ, ಲಂಡನ್ ಕಡೆಯೋನು. ಬಾಳ ದೊಡ್ಡ ತಲೆ. ನಿಂಗೂ ಅವನ ವಿಳಾಸ ಕೊಡ್ತೀನಿ, ಮುಂದಿನ ಸಲ ಹೀಗೆ ಒದ್ದಾಡೋದ್ ತಪ್ಪುತ್ತೆ.”

ನನ್ನ ವಿಳಾಸವನ್ನು ನಾನು ಅವನಿಂದ ಬರೆಸಿಕೊಂಡು, ಥ್ಯಾಂಕ್ಸ್ ಹೇಳಿದೆ.

ಕೆಲವು ದಿನ ನಾನು ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. ಕಾಲೆತ್ತಿಕೊಂಡು ಸುಮ್ಮನೆ ಕೂತೆ. ಆಮೇಲೆ ಚಟ ಬಿಡಬೇಕಲ್ಲ, ಒಂದು ಬೆಳಿಗ್ಗೆ ತೆರೆದು ನೋಡಿದರೆ ಹಾರ್ಟ್‌ವೆಲ್ ಮಹಾಶಯರಿಗೆ ಹೊಸ ಗಿರಾಕಿ ಬಂದಿದ್ದರು. ಹೆಂಗಸು. ಅಣ್ಣನೊಬ್ಬ ಗುಟ್ಟಾಗಿ ನಿಮ್ಮ ಹೆಸರು ಹೇಳಿದ ಎಂದು ಬರೆದಿದ್ದಳು. ಸದ್ಯದಲ್ಲೇ ಮದುವೆಯ ವಾರ್ಷಿಕೋತ್ಸವ, ಗಂಡನ ಬಗ್ಗೆ ನಾಲ್ಕು ಮಂದಿಯ ಮುಂದೆ ಒಳ್ಳೆಯ ಮಾತಾಡಬೇಕೆಂಬ ಆಸೆ. ಗಂಡ ಬರೆಯುವವನೇ ಅಂತೆ, ಆದರೆ ಅವನ ಕೈಯಲ್ಲಿ ಆಗುವುದಿಲ್ಲವಂತೆ, ಪಾಪ, ಇತ್ತೀಚೆಗೆ ಮಂಕಾಗಿದ್ದಾನಂತೆ. ಗಂಡನ ಗುಣಗಳನ್ನು ತಿಳಿಸಿ ಎಂಬ ಜಾಗದಲ್ಲಿ ಹೀಗಿತ್ತು: ‘ಕೊಟ್ಟಿದ್ದು ತಿನ್ನುತ್ತಾನೆ. ಕಾಲೆತ್ತು ಅಂದರೆ ಎತ್ತುತ್ತಾನೆ. ಉಳಿದದ್ದನ್ನು ನೀವೇ ತುಂಬಿಕೊಳ್ಳಿ.’

ಒಪ್ಪಿಕೊಂಡೆ. ಒಲ್ಲೆ ಎಂದರೆ ಅವಳು ಇನ್ನೊಬ್ಬನ ಹತ್ತಿರ ಹೋಗುತ್ತಾಳೆ, ಅವನು ನನ್ನ ಬಗ್ಗೆ ಏನು ಬರೆಯುತ್ತಾನೋ. ‘ಲಿಂಡ್ಸಿ ಅವರು’ ಎಂದು ಬರೆದೆ. ಮುಂದೆ ಹೋಗಲಿಲ್ಲ. ಅಂಗಳಕ್ಕೆ ಹೋಗಿ ಬಂದೆ, ಕನ್ನಡಿ ನೋಡಿಕೊಂಡೆ, ನನ್ನ ಹಳೆಯ ಫೋಟೋಗಳನ್ನೆಲ್ಲ ತಿರುವಿ ಹಾಕಿದೆ. ಕಾಲೊರಸಿನ ಬಗ್ಗೆ ಎರಡು ಪುಟ ಬರೆದವನಿಗೆ ನನ್ನ ಬಗ್ಗೆ ಎರಡು ಸಾಲು ಸಿಗಲಿಲ್ಲ.

ಕೊನೆಗೆ ಅಡುಗೆಮನೆಗೆ ಹೋದೆ. ಗ್ಲೆನಿಸ್ ಓವನ್ ಮುಂದೆ ಬಗ್ಗಿ ಏನೋ ಬೇಯಿಸುತ್ತಿದ್ದಳು. ನನ್ನಲ್ಲಿ ಒಳ್ಳೆಯದು ಏನಿದೆ ಎಂದು, ತೀರಾ ಸಹಜವಾಗಿ, ಹವಾಮಾನ ಕೇಳುವ ಹಾಗೆ ಕೇಳಿದೆ.

ಅವಳು ನೆಟ್ಟಗಾದಳು. ಕೈವಸ್ತ್ರ ಹೆಗಲ ಮೇಲೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. ತುಂಬ ಹೊತ್ತು ನೋಡಿದಳು. ಅವಳ ಕಣ್ಣಲ್ಲಿ ನಿಜವಾದ ಪ್ರೀತಿ ಇತ್ತು, ಅದನ್ನು ನಾನು ಸುಳ್ಳೆನ್ನುವುದಿಲ್ಲ.

“ಸ್ವಲ್ಪ ದಿನ ತಡ್ಕೋ,” ಎಂದಳು. “ತಿಳಿದೋರೊಬ್ಬರನ್ನ ಕೇಳಿದೀನಿ. ಬರೆದು ಕಳಿಸ್ತಾರೆ.”