ಡಾಂಬರು ಮುಟ್ಟದ ಸೈಕಲ್ಲು

ನರಗುಂದದಿಂದ ಗಜೇಂದ್ರಗಡದ ತನಕ ಸೈಕಲ್ ಗಾಲಿಗೆ ಚಿಟಿಕೆ ಡಾಂಬರು ತಾಗದಂಗ ಹೋಗುವ ಗಂಡಸು ಈ ಸೀಮೆಯಲ್ಲಿ ನಾನೊಬ್ಬನೇ. ನಂಬಬ್ಯಾಡ್ರಿ ನೋಡೋಣ. ನಂಬದವರನ್ನೆಲ್ಲ ಶಿರೋಳದ ನಮ್ಮ ಚಹಾದಂಗಡಿಯ ಕಟ್ಟೆ ಮೇಲೆ ಕೂರಿಸಿ ಬಾಯಿ ಮುಚ್ಚಿಸಿದ್ದೇನೆ. ಕಾಲುವೆ ದಂಡೆ, ಗರಸುಮಣ್ಣಿನ ರಸ್ತೆ, ಹೊಲದ ಗಾಡಿದಾರಿ, ಇಷ್ಟರಲ್ಲೇ ಪೂರಾ ಹಾದಿ ಕೂಡಿಸುತ್ತೇನೆ ಎಂದು ಅದೇ ಕಟ್ಟೆ ಮೇಲೆ ಕೂತು ಬಾಯಿ ಬಿಟ್ಟೆ ನೋಡ್ರಿ, ಅಂದಿನಿಂದ ವಾರಕ್ಕೊಂದು ಪ್ರಸಂಗ ತಪ್ಪಿಲ್ಲ. ಬಾಯಿ ಬಿಟ್ಟದ್ದು ಊರೊಳಗೇ ಉಳಿದಿದ್ದರೆ ಚಿಂತೆಯಿರಲಿಲ್ಲ. ನನ್ನ ಮಾತು ನಂಬಿ ಹುಬ್ಬಳ್ಳಿಯ ಹತ್ತು ಮಂದಿ ಸೈಕಲ್ ಸವಾರರು ದೀಪಾವಳಿ ಆದ ಮೇಲೆ ಬರುತ್ತೇವೆ ಅಂದುಬಿಟ್ಟರು.

೧. ಖಾಲಿ ದಾರಿಯ ಗದ್ದಲ

ನಮ್ಮ ನೆಲ ರೊಟ್ಟಿ ಬಡಿದಂಗ ಸಪಾಟು. ಬೆಳಿಗ್ಗೆ ಕಾಲುವೆ ದಂಡೆಗೆ ಇಳಿದರೆ ಎರಡೂ ಕಡೆ ಕಡಲೆ, ಜೋಳ, ಮೇಲೆ ಆಕಾಶ. ಒಂದು ನಾಯಿಯೂ ಅಡ್ಡ ಬರುವುದಿಲ್ಲ. ಅಂಥ ದಾರಿಯಲ್ಲಿ ಹಾಲಿನವನ ಬೈಕು ನನ್ನ ಪಕ್ಕ ಬಂದು ನಿಧಾನ ಆಯಿತು. ನಿನ್ನ ಗಾಡಿ ಏನಾತು ಅಂದ. ಮನೆಯಲ್ಲಿ ನಿಂತೈತಿ, ನಾನು ಖುಷಿಗೆ ತುಳಿಯುತ್ತಿದ್ದೇನೆ ಎಂದೆ. ಅವನಿಗೆ ಅದು ಸುಳ್ಳೆನಿಸಿತು. ಹುಡುಗ ಏನೋ ಮುಚ್ಚಿಡುತ್ತಿದ್ದಾನೆ ಎಂದು ಬೆನ್ನ ಹಿಂದೆಯೇ ಬಂದ. ಮುಂದೆ ಸಿಕ್ಕ ಟ್ರ್ಯಾಕ್ಟರಿನವನು ನನ್ನ ಹೆಲ್ಮೆಟ್ ನೋಡಿ, ತಲೆಗೇನು ಬಡಿದಿದೆ ಎಂದು ಹಾಲಿನವನನ್ನು ಕೇಳಿ, ಅವನೂ ಹಿಂದೆ ಬಿದ್ದ. ಆಮೇಲೆ ಗೊಬ್ಬರದ ಚೀಲ ಹೇರಿಕೊಂಡ ಒಂದು ಮೊಪೆಡ್ ಸೇರಿತು. ಬೀಳದಂಗ ಕಾಯಲು ಬಂದವರು, ಪುಣ್ಯಾತ್ಮರು. ಯಾರೂ ಹಿಂದಿರುಗಲಿಲ್ಲ. ಹೊಳೆಮಣ್ಣೂರಿನ ಅಂಚಿಗೆ ಮುಟ್ಟುವಾಗ ಮುಂದೆ ನಾನು, ಹಿಂದೆ ಮೂರು ಗಾಡಿ. ಕಟ್ಟೆಯ ಮೇಲಿದ್ದ ಅಜ್ಜ ಎದ್ದು ನಿಂತು ಕೈ ಮುಗಿದು ಕೇಳಿದ:

“ಯಾವ ಪಕ್ಷದವರ್ರಿ?”

೨. ಹೆಗಲ ಮೇಲಿನ ಸವಾರಿ

ರೋಣದ ಹತ್ತಿರ ಡಾಂಬರು ರಸ್ತೆ ಅಡ್ಡ ಬರುತ್ತದೆ. ಅದನ್ನು ಹಾರಲಿಕ್ಕೆ ಆಗುವುದಿಲ್ಲವಲ್ಲ, ನಾನು ಸೈಕಲ್ಲನ್ನು ಹೆಗಲಿಗೇರಿಸಿ ಹನ್ನೆರಡು ಹೆಜ್ಜೆಯಲ್ಲಿ ದಾಟುತ್ತೇನೆ. ಒಂದು ಸಲ ನಡುರಸ್ತೆಯಲ್ಲಿದ್ದಾಗ ಬಸ್ಸು ಬಂದು ನಿಂತಿತು. ಕಂಡಕ್ಟರ್ ತಲೆ ಹೊರಗೆ ಹಾಕಿ ಪಂಕ್ಚರೇನು ಎಂದು ಕೇಳಿದ. ಅಲ್ರಿ, ಗಾಲಿಗೆ ಡಾಂಬರು ತಾಗಬಾರದು, ಅದಕ್ಕೆ ಎಂದೆ. ಅಷ್ಟೂ ಕಿಟಕಿಯಲ್ಲಿ ಒಂದೊಂದು ತಲೆ ಮೂಡಿತು. ಯಾರೂ ನಗಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಹಿಂದಿನ ಸೀಟಿನ ಒಬ್ಬಾಕಿ ಕಂಡಕ್ಟರಿಗೆ ಮೆಲ್ಲಗೆ ಹೇಳಿದಳು:

“ಹತ್ತಿಸ್ಕೊಳ್ರಿ ಪಾಪ. ದವಾಖಾನಿ ಮುಂದ ಇಳಸೂಣು, ಟಿಕೇಟ ನಾ ತಗೀತೀನಿ.”

ನಾನು ಹತ್ತಲಿಲ್ಲ. ಹಸಿವಿಗೆ ತಲೆ ಹಿಂಗ ಆಗುತ್ತದೆ ಎಂದು ಆಕಿ ಕಿಟಕಿಯಿಂದ ತನ್ನ ಬುತ್ತಿಯ ಗಂಟನ್ನೇ ಕೆಳಗೆ ಕೊಟ್ಟಳು. ಬೇವಿನ ನೆರಳಲ್ಲಿ ಕೂತು ಎರಡು ಕಡಕ್ ರೊಟ್ಟಿ ಮುಗಿಸಿದೆ. ತಲೆ ಸರಿಯಾಯಿತೋ ಇಲ್ಲವೋ ಗೊತ್ತಿಲ್ಲ, ಶೇಂಗಾ ಚಟ್ನಿ ಮಾತ್ರ ಭಾಳ ಚಲೋ ಇತ್ತು.

೩. ನೇಕಾರ್ತಿಯ ಬೆರಳು

ಗಜೇಂದ್ರಗಡದಲ್ಲಿ ಗಾಲಿಯ ಗಾಳಿ ಇಳಿಯಿತು. ಜಾಲಿಮುಳ್ಳು. ಒಂದು ಮನೆಯ ಮುಂದೆ ಕೂತು ಪಾತ್ರೆ, ನೀರು, ಮೊಬೈಲ್ ಬೆಳಕು ಎಲ್ಲ ಇಟ್ಟುಕೊಂಡು ಅರ್ಧ ತಾಸು ಟೈರು ತಡಕಿದೆ, ಮುಳ್ಳು ಸಿಗಲಿಲ್ಲ. ನನ್ನ ಕಣ್ಣು ಗಿಡುಗನ ಕಣ್ಣು ಎಂದು ಸುತ್ತಲಿದ್ದವರಿಗೆ ಹೇಳುವುದನ್ನು ಮಾತ್ರ ಬಿಡಲಿಲ್ಲ. ಒಳಗೆ ಮಗ್ಗದ ಸಪ್ಪಳ ನಿಂತಿತು. ಸೀರೆ ನೇಯುತ್ತಿದ್ದ ಅವ್ವ ಹೊರಗೆ ಬಂದು, ಟೈರಿನೊಳಗೆ ಒಂದು ಸುತ್ತು ಬೆರಳಾಡಿಸಿ, ಮುಳ್ಳು ಕಿತ್ತು ನನ್ನ ಅಂಗೈಗೆ ಹಾಕಿದಳು. ಹ್ಯಾಂಗ ಸಿಕ್ಕಿತು ಎಂದರೆ, ಹರಿದ ಎಳೆ ಹುಡುಕುವ ಕೈ ಇದು, ಇದೇನು ದೊಡ್ಡದು ಅಂದಳು. ಆಮೇಲೆ ಒಂದು ತಟ್ಟೆ ಅವಲಕ್ಕಿ ಮುಂದಿಟ್ಟು, ಅದರೊಳಗಿನ ಮೆಣಸಿನಕಾಯಿ ಎಲ್ಲೆಲ್ಲಿವೆ ಎಂದು ಒಂದೊಂದಾಗಿ ತೋರಿಸಿದಳು. ಗಿಡುಗನಿಗೆ ಕಾಣಲಿಕ್ಕಿಲ್ಲ ಎಂದು.

೪. ನಾನೂರು ಹೆಜ್ಜೆ

ಎಲ್ಲ ಕಡೆ ಹಾದಿ ಕೂಡಿತು, ರೋಣ ಮತ್ತು ರಾಜೂರದ ನಡುವಿನ ನಾನೂರು ಹೆಜ್ಜೆ ಬಿಟ್ಟು. ಈಚೆ ಗಾಡಿದಾರಿ ಮುಗಿಯುತ್ತದೆ, ಆಚೆ ಗರಸಿನ ರಸ್ತೆ ಶುರುವಾಗುತ್ತದೆ, ನಡುವೆ ಒಬ್ಬ ಚಾಚಾನ ಎರೆಹೊಲ. ಬಿತ್ತಿಗೆಗೆ ಮುಂಚೆಯೇ ಹೋಗಿ ಕೇಳಿದೆ. ಇವತ್ತು ಸೈಕಲ್ ಹೋದರೆ ನಾಳೆ ಬೈಕು, ನಾಡಿದ್ದು ಟ್ರ್ಯಾಕ್ಟರ್, ಆಮೇಲೆ ನನ್ನ ಹೊಲಕ್ಕೆ ನಾನೇ ದಾರಿ ಕೇಳಬೇಕಾಗುತ್ತದೆ ಅಂದರು. ಅವರದೇನೂ ತಪ್ಪಲ್ಲ. ಹೊಲದ ದಾರಿಗಾಗಿ ಕೋರ್ಟಿನ ಮೆಟ್ಟಿಲು ಸವೆಸಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಆಗಲಿ ಚಾಚಾ ಎಂದು ಸೈಕಲ್ ಹೊತ್ತು, ಒಡ್ಡಿನ ಮೇಲಿನ ಮುಳ್ಳುಕಂಟಿ ತಪ್ಪಿಸುತ್ತ ನಡೆದು ದಾಟಿದೆ. ಐದು ವಾರ ಹೀಗೇ. ಅವರು ಬೇವಿನ ಬುಡದಲ್ಲಿ ಕೂತು ನೋಡುತ್ತಿದ್ದರು. ಹನ್ನೆರಡು ಹೆಜ್ಜೆ ಹೊರುವುದು ಬೇರೆ, ಹುಬ್ಬಳ್ಳಿಯವರ ಹೆಗಲಿಗೆ ನಾನೂರು ಹೆಜ್ಜೆ ಹೊರಿಸುವುದು ಬೇರೆ. ಬರಬ್ಯಾಡ್ರಿ, ನಾನು ಸುಳ್ಳು ಹೇಳಿದ್ದೆ ಎನ್ನಲು ಫೋನ್ ಕೈಗೆ ತಗೊಂಡಿದ್ದೆ. ಆರನೇ ವಾರ ಚಾಚಾ ಕೂಗಿ ಕರೆದರು.

“ಇಳಸಪಾ ಅದನ್ನ. ನಿನ್ನ ನೋಡಿ ನಮ್ಮ ಎತ್ತು ಕೆಡಾಕತ್ತಾವ. ನಾಳೆ ಅವೂ ಗಾಡಿ ಎಳಿಯೂದ ಬಿಟ್ಟು, ನೀನ ಹೊರು ಅಂದ್ರ ನಾ ಏನ ಮಾಡ್ಲಿ?”

ಸೈಕಲ್ ಮೇಲೆ ನನ್ನನ್ನು ಕೂರಿಸಿ, ಈ ಮೊಣಕೈಯಿಂದ ಆ ಮೊಣಕೈಗೆ ಗೇಣು ಹಾಕಿದರು. ನಾನು ಎದೆಯುಬ್ಬಿಸಿ ಮೊಣಕೈ ಅಗಲಿಸಿದೆ. ಒಂದು ಪೆಟ್ಟು ಹಾಕಿ ಒಳಗೆ ತಳ್ಳಿ, ಮತ್ತೆ ಅಳೆದರು. ಯಾಕೆ ಎಂದರೆ, ಮನೆಗೆ ಹೋಗು ಅಂದರು.

ಬಿತ್ತಿಗೆಯ ಗಡಿಬಿಡಿಯಲ್ಲಿ ತಿಂಗಳು ಬಿಟ್ಟು ಮತ್ತೆ ಹೋದಾಗ ಜೋಳ ಗೇಣುದ್ದ ಎದ್ದಿತ್ತು. ಹಸಿರು ಸಾಲುಗಳ ನಡುವೆ ಒಂದು ಕಡೆ ಒಂದು ಸಾಲು ಇಲ್ಲ. ಈ ಒಡ್ಡಿನಿಂದ ಆ ಒಡ್ಡಿಗೆ, ದಾರ ಹಿಡಿದಂಗ ಕರಿ ನೆಲ. ಬಿತ್ತುವಾಗ ಕೂರಿಗೆಯ ಒಂದು ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಕಾಳು ಬೀಳದಂಗ ಮಾಡಿದ್ದರು.

“ಇದರಾಗ ಟ್ರ್ಯಾಕ್ಟರ್ ಹಿಡಿಯಾಂಗಿಲ್ಲ,” ಅಂದರು ಚಾಚಾ. “ನೀನೂ ಹೊಟ್ಟಿ ಬೆಳಸಬ್ಯಾಡ.”

ಅಲ್ಲೇ ನಿಂತು ಹುಬ್ಬಳ್ಳಿಗೆ ಫೋನ್ ಹಚ್ಚಿ, ಬರ್ರಿ ಎಂದೆ. ಹುಬ್ಬಳ್ಳಿಯ ಹತ್ತೂ ಮಂದಿ ಮೊಣಕೈ ಒಳಗೆ ಎಳೆದುಕೊಂಡು, ಒಬ್ಬರ ಹಿಂದೊಬ್ಬರು ಅಲ್ಲಿ ತುಳಿದು ಹೋದರು. ಒಂದು ಸಸಿಯೂ ಬಾಗಲಿಲ್ಲ.

ಚಾಚಾ ನನಗೆ ಕೊಟ್ಟದ್ದು ಒಂದು ಸಾಲು ಜೋಳದ ಜಾಗ, ನಾನೂರು ಹೆಜ್ಜೆ ಉದ್ದ.